ದಿನ ತುಂಬದ ಈಸ್ಟರ್

ನಮ್ಮತ್ತೆ ಒಂದು ವರ್ಷ ಈಸ್ಟರ್ ಹಬ್ಬವನ್ನೇ ಐದು ವಾರ ಮುಂದಕ್ಕೆ ಹಾಕಿಬಿಟ್ಟಿದ್ದಳು. ನೀವು ನಂಬುವುದಿಲ್ಲ, ಗೊತ್ತು. ಜಗತ್ತಿನಲ್ಲಿ ಎಷ್ಟೋ ಬಿಷಪ್ಪರಿದ್ದಾರೆ, ದಪ್ಪ ದಪ್ಪ ಪುಸ್ತಕ ಓದಿ ಕನ್ನಡಕವನ್ನೂ ದಪ್ಪ ಮಾಡಿಕೊಂಡ ಪಂಡಿತರಿದ್ದಾರೆ. ಅವರೆಲ್ಲ ಸೇರಿದರೂ ಒಂದು ದಿನ ಆಚೀಚೆ ಸರಿಸಲಾಗದ ಹಬ್ಬವನ್ನು, ಹುಮನಾಬಾದಿನ ಒಂದು ಓಣಿಯಲ್ಲಿ ಕೂತು, ಮೆಂತ್ಯದ ಸೊಪ್ಪು ಬಿಡಿಸುತ್ತ ಬಿಡಿಸುತ್ತ, "ಈಗ ಆಗೂದಿಲ್ಲ, ಮುಂದಿನ ತಿಂಗಳ ನೋಡೂಣು" ಎಂದು ಮುಂದೂಡಿದ ಹೆಂಗಸು ನಮ್ಮತ್ತೆ. ಹಾಗೆನ್ನುವಾಗ ಅವಳ ಮುಖದಲ್ಲಿ ಅಳುಕೇನಾದರೂ ಇತ್ತೇ? ಎಳ್ಳಷ್ಟೂ ಇರಲಿಲ್ಲ!

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಮದುವೆಯಾಗಿರಲಿಲ್ಲ. ಹುಮನಾಬಾದಿನ ಸರ್ಕಾರಿ ದವಾಖಾನೆಯಲ್ಲಿ ಹೆರಿಗೆ ಮಾಡಿಸುವ ನರ್ಸು. ಊರಿಗೆಲ್ಲ ನರ್ಸಬಾಯಿ. ಊರಿನ ಅರ್ಧ ಮಂದಿ ಅವಳ ಕೈಯಲ್ಲಿ ಹುಟ್ಟಿದವರು, ಉಳಿದ ಅರ್ಧ ಮಂದಿ ಅವಳ ಕೈಯಲ್ಲಿ ಸೂಜಿ ಚುಚ್ಚಿಸಿಕೊಂಡವರು. ಹೀಗಿರುವಾಗ ಅವಳಿಗೆ ಎದುರಾಡುವ ಧೈರ್ಯ ಯಾರಿಗಿರುತ್ತದೆ? ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಕಂಡಕ್ಟರ್ ಮೀಸೆ ತಿರುವಿ, "ಜಾಗಾ ಇಲ್ಲ, ಇಳೀರಿ" ಎಂದ. ಅತ್ತೆ ಅವನ ಮುಖವನ್ನೇ ಒಂದು ಕ್ಷಣ ನೋಡಿ, "ಏ, ನೀ ಹುಟ್ಟಿದಾಗ ಅಳಲಾರದ ಕುಂತಿದ್ದಿ. ಕಾಲು ಹಿಡದು ತಲಿಕೆಳಗ ಮಾಡಿ ನಾಕು ಬಡದು ಅಳಿಸೀನಿ, ನೆಪ್ಪಿರ್ಲಿ" ಎಂದಳು. ಇಡೀ ಬಸ್ಸು ನಕ್ಕಿತು. ಆಮೇಲೆ ಅತ್ತೆ ಕೂತದ್ದು ಕಂಡಕ್ಟರನ ಸೀಟಿನಲ್ಲೇ!

ನಾನು ಆಗಷ್ಟೇ ಹುಮನಾಬಾದಿನ ಒಂದು ಶಾಲೆಯಲ್ಲಿ ಟೀಚರಾಗಿ ಸೇರಿ ಅತ್ತೆಯ ಮನೆಯಲ್ಲೇ ಇದ್ದೆ. ಅಪ್ಪ ಅವ್ವ ಇದ್ದದ್ದು ಬಸವಕಲ್ಯಾಣದಲ್ಲಿ. ಹೀಗಾಗಿ ನಾನು ಈಗ ಹೇಳುವುದೆಲ್ಲ ಕಣ್ಣಾರೆ ಕಂಡದ್ದು. ಕಂಡದ್ದಷ್ಟೇ ಅಲ್ಲ, ಹೊಟ್ಟೆಯಾರೆ ಅನುಭವಿಸಿದ್ದು.

ಈಸ್ಟರಿನ ಸ್ವಭಾವ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಹಬ್ಬಗಳಲ್ಲಿ ಕ್ರಿಸ್ಮಸ್ಸು ಬಹಳ ಸಜ್ಜನ. ಡಿಸೆಂಬರ್ ಇಪ್ಪತ್ತೈದು ಎಂದರೆ ಇಪ್ಪತ್ತೈದೇ. ಈಸ್ಟರ್ ಹಾಗಲ್ಲ. ಹಗಲು ರಾತ್ರಿ ಸಮವಾದ ಮೇಲೆ ಬರುವ ಹುಣ್ಣಿಮೆಯನ್ನು ನೋಡಿಕೊಂಡು, ಅದರ ಬೆನ್ನಿಗೆ ಬರುವ ಭಾನುವಾರ ಅದು ಬರುತ್ತದೆ. ಒಂದು ವರ್ಷ ಏಪ್ರಿಲ್ ಮುಗಿಯುವ ಹೊತ್ತಿಗೆ ಬಂದರೆ, ಇನ್ನೊಂದು ವರ್ಷ ಮಾರ್ಚಿನಲ್ಲೇ ಬಾಗಿಲು ಬಡಿಯುತ್ತದೆ. ತಡವಾಗಿ ಬಂದರೆ ಅತ್ತೆಯ ತಕರಾರಿರಲಿಲ್ಲ. ಬೇಗ ಬಂದರೆ ಮಾತ್ರ ಅವಳಿಗೆ ಮೈಯೆಲ್ಲ ಉರಿ.

"ದುಬಲಗುಂಡಿ ಬಸ್ಸು ತಡಾ ಮಾಡಿ ಬಂದ್ರ ಕುಂತು ಕಾಯಬಹುದು. ವ್ಯಾಳ್ಯಾಕಿಂತ ಮೊದಲ ಬಂದು ಹೋಗಿಬಿಟ್ಟಿತಂದ್ರ ಏನ್ ಮಾಡ್ತಿ?" ಎಂದು ನನ್ನನ್ನೇ ಕೇಳುತ್ತಿದ್ದಳು, ಈಸ್ಟರಿನ ಟೈಮ್ ಟೇಬಲ್ ನಾನೇ ಬರೆದವಳು ಎಂಬಂತೆ.

ಹೊಸ ಕ್ಯಾಲೆಂಡರ್ ಗೋಡೆಗೆ ಬಂದ ದಿನವೇ ಅವಳು ಮಾರ್ಚಿನ ಹಾಳೆ ಎತ್ತಿ ನೋಡುವಳು. ಅಲ್ಲಿ ಈಸ್ಟರ್ ಕಂಡರೆ, ಬಸುರಿಯ ಹೊಟ್ಟೆ ಮುಟ್ಟಿ ನೋಡಿದ ಹಾಗೆ ಆ ಹಾಳೆಯನ್ನು ಮೆಲ್ಲಗೆ ಒತ್ತಿ, "ದಿನಾ ತುಂಬಿಲ್ಲ ಇದಕ್ಕ. ಏಳು ತಿಂಗಳ ಕೂಸು. ಹತ್ತಿ ಸುತ್ತಿ ಇಟ್ಟು ನೋಡ್ಕೋಬೇಕು" ಎಂದು ತೀರ್ಪು ಕೊಡುವಳು. ಅವಳ ಮಾತಿನಲ್ಲಿ ನ್ಯಾಯವಿರಲಿಲ್ಲ ಎನ್ನಲಾರೆ. ಮಾರ್ಚಿನಲ್ಲಿ ನಮ್ಮ ಕಡೆ ಬಿಳಿಜೋಳದ ಸುಗ್ಗಿ. ನಿರ್ಣಾದಿಂದ, ದುಬಲಗುಂಡಿಯಿಂದ ಚರ್ಚಿಗೆ ಬರುವ ಮಂದಿಯೆಲ್ಲ ಹೊಲದಲ್ಲಿ. ಮಕ್ಕಳೆಲ್ಲ ಪರೀಕ್ಷೆಯಲ್ಲಿ. ಸತ್ತವನು ಎದ್ದು ಬಂದ ಸುದ್ದಿಯನ್ನು ಪಾಸ್ಟರ್ ಅಯ್ಯನವರು ಖಾಲಿ ಬೆಂಚುಗಳಿಗೆ ಹೇಳಬೇಕು!

ಆ ವರ್ಷವೂ ಈಸ್ಟರ್ ಮಾರ್ಚಿನಲ್ಲಿ ಬಿದ್ದಿತ್ತು. ಹಬ್ಬಕ್ಕೆ ಮುಂಚೆ ನಲವತ್ತು ದಿನ ನಮ್ಮಲ್ಲಿ ಲೆಂಟಿನ ವ್ರತ. ಕೆಲವರು ಮಾಂಸ ಬಿಡುತ್ತಾರೆ, ಕೆಲವರು ಒಪ್ಪತ್ತು ಮಾಡುತ್ತಾರೆ. ಅತ್ತೆ ಮಾಂಸದ ಜೊತೆಗೆ ಚಹಾವನ್ನೂ ಬಿಟ್ಟಳು. ಅಯ್ಯೋ ದೇವರೇ, ಚಹಾ! ದಿನಕ್ಕೆ ಎಂಟು ಕಪ್ಪು ಕುಡಿಯುವವಳು! ದವಾಖಾನೆಯ ಎದುರಿಗೆ ಚಾಚಾ ಒಬ್ಬರ ಚಹಾದ ಹೋಟೆಲಿತ್ತು. ಅತ್ತೆಯ ಗಂಟಲು ಅಲ್ಲಿಂದಲೇ ಹಸಿಯಾಗಬೇಕು. ಚಹಾ ಹೊಟ್ಟೆಯಲ್ಲಿದ್ದರೆ ಅವಳ ಸೂಜಿ ಇರುವೆ ಕಚ್ಚಿದಂತೆ ಇರುತ್ತಿತ್ತು. ಚಹಾ ಇಲ್ಲದ ದಿನ ಅದೇ ಸೂಜಿ ಗುದ್ದಲಿ. ಲೆಂಟಿನ ದಿನಗಳಲ್ಲಿ ಹುಮನಾಬಾದಿನಲ್ಲಿ ಜ್ವರ ಕಡಿಮೆಯಾಗುತ್ತಿತ್ತು ಎಂದು ಊರವರು ಹೇಳುತ್ತಿದ್ದರು. ಜ್ವರ ಕಡಿಮೆಯಾಗುತ್ತಿರಲಿಲ್ಲ, ದವಾಖಾನೆಗೆ ಬರುವ ಧೈರ್ಯ ಕಡಿಮೆಯಾಗುತ್ತಿತ್ತು ಅಷ್ಟೇ.

ಲೆಂಟು ಅರ್ಧ ದಾಟಿದ ಮೇಲೆ ಒಂದು ಅನಾಹುತವಾಯಿತು. ಬಸವಕಲ್ಯಾಣದಲ್ಲಿ ನಮ್ಮಪ್ಪ ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ಮುಚ್ಚಿ ಬರಲು ಹತ್ತಿದವನು, ಇಳಿಯುವಾಗ ನಿಚ್ಚಣಿಕೆಯ ಬದಲು ಗಾಳಿಯ ಮೇಲೆ ಕಾಲಿಟ್ಟ. ತೊಡೆಯ ಎಲುಬು ಮುರಿಯಿತು. ಬೀದರಿನ ದೊಡ್ಡ ದವಾಖಾನೆಗೆ ಒಯ್ದರು. ಅಲ್ಲಿ ಕಾಲಿಗೆ ಹಗ್ಗ ಬಿಗಿದು, ಹಗ್ಗದ ತುದಿಗೆ ಉಸುಕಿನ ಚೀಲ ಕಟ್ಟಿ, ಮಂಚದಾಚೆ ಇಳಿಬಿಟ್ಟು, "ಏಳು ವಾರ ಅಲುಗಾಡಬಾರದು" ಎಂದರು. ಅವ್ವ ಅವನ ಮಗ್ಗುಲಲ್ಲೇ ಉಳಿದಳು.

ಅತ್ತೆಗೆ ಸುದ್ದಿ ಹೇಳಿದಾಗ ಅವಳು ಮೊದಲು ಅತ್ತಳು. ಆಮೇಲೆ ಬೆರಳು ಮಡಿಸಿ ಎಣಿಸಿದಳು. ಏಳು ವಾರವೆಂದರೆ ಏಪ್ರಿಲಿನ ಕೊನೆ. ಈಸ್ಟರಿಗೆ ಉಳಿದದ್ದು ಎರಡೇ ವಾರ.

ಇಲ್ಲಿ ಅಕ್ಕ ತಮ್ಮನ ವಿಷಯ ಹೇಳಬೇಕು. ಸಣ್ಣವರಿದ್ದಾಗಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು ಬೋರ್ಡಿಂಗ್ ಶಾಲೆಗಳಲ್ಲಿ ಬೆಳೆದವರು ಅವರು. ದೊಡ್ಡವರಾದ ಮೇಲೆ ಒಂದೇ ಒಂದು ಈಸ್ಟರನ್ನೂ ಬೇರೆ ಬೇರೆ ಮಾಡಿದವರಲ್ಲ. ಅಪ್ಪ ಶನಿವಾರವೇ ನಮ್ಮನ್ನೆಲ್ಲ ಕಟ್ಟಿಕೊಂಡು ಕಲ್ಯಾಣದ ಬಸ್ಸಿನಲ್ಲಿ ಬಂದಿಳಿಯಬೇಕು, ಭಾನುವಾರ ಬೆಳಕು ಹರಿಯುವ ಮುಂಚೆ ಅಕ್ಕ ತಮ್ಮ ಒಟ್ಟಿಗೆ ಪ್ರಾರ್ಥನೆಗೆ ಹೋಗಬೇಕು, ಬಂದು ಒಂದೇ ತಾಟಿನಲ್ಲಿ ಉಣ್ಣಬೇಕು. ಅಪ್ಪನಿಗೆ ಆಗ ಐವತ್ತು ದಾಟಿತ್ತು! ಆದರೂ ಒಂದೇ ತಾಟು.

"ಇದು ಒಂದು ತಿಂಗಳು ತಡದು ಬಂದಿದ್ರ ಇದರ ಗಂಟೇನು ಹೋಗ್ತಿತ್ತು?" ಎಂದು ಅತ್ತೆ ಕ್ಯಾಲೆಂಡರಿಗೆ ಬೈದಳು. "ತಮ್ಮ ಎದ್ದು ನಡಕೋತ ಬರ್ತಿದ್ದ. ನಾ ಸುಮ್ಕ ಬಿಡಾಂಗಿಲ್ಲ."

ಸುಮ್ಮನೆ ಬಿಡಲಿಲ್ಲ. ನೆಟ್ಟಗೆ ಪಾಸ್ಟರ್ ಅಯ್ಯನವರ ಮನೆಗೆ ಹೋದಳು. ಹಿಂದೆ ನಾನು.

"ಅಯ್ಯನವ್ರೆ, ಈ ಸಲ ಈಸ್ಟರ್ ಒಂದು ತಿಂಗಳು ಮುಂದ ಹಾಕ್ರಿ."

ಅಯ್ಯನವರು ಪಾಪ ಮೃದು ಮನುಷ್ಯ. "ಅದು ನನ್ನ ಕೈಯಾಗಿಲ್ರಿ ನರ್ಸಬಾಯಿ" ಎಂದರು.

"ಮತ್ಯಾರ ಕೈಯಾಗದ?"

"ಹಿಂದಕ ದೊಡ್ಡ ಸಭಾ ಕೂಡಿ ನಿರ್ಣಯ ಮಾಡ್ಯಾರ್ರಿ. ನೂರಾರು ವರ್ಷದ ಮಾತು."

"ಆ ಸಭಾದಾಗ ಒಬ್ಬಾಕಿನರ ಹೆಣ್ಮಗಳಿದ್ದಳೇನ್ರಿ?"

ಅಯ್ಯನವರು ತಲೆ ಕೆರೆದುಕೊಂಡು, "ಇರಲಿಕ್ಕಿಲ್ರಿ" ಎಂದರು.

"ಅದಕ್ಕ ಹಿಂಗಾಗ್ಯದ! ದಿನಾ ಎಣಿಸೂ ಕೆಲಸ ಗಂಡಸರ ಕೈಯಾಗ ಕೊಟ್ರ ಇನ್ನೇನಾಗ್ತದ್ರಿ?" ಅತ್ತೆ ಸೆರಗು ಸರಿ ಮಾಡಿಕೊಂಡು ಇನ್ನೂ ಮುಂದೆ ಸರಿದು ಕೂತಳು. "ಹೋಗ್ಲಿ, ನಮ್ಮ ಓಣ್ಯಾಗಿನ ಹಿಂದೂ ಮಂದಿ ನೋಡ್ರಿ. ಹಬ್ಬ ಭಾಳ ಮುಂಚೆ ಬರಾಕತ್ತಾವ ಅಂದ್ರ ನಡುವ ಒಂದು ಅಧಿಕ ಮಾಸ ಹಾಕಿ ಸರಿ ಮಾಡ್ತಾರ. ನಮ್ಮ ಪೈಕಿ ಅಂಥಾದ್ದೇನರ ಅದ ಏನು?"

"ಇಲ್ರಿ."

"ಹಾಕಿಸ್ರಿ ಮತ್ತ! ಬಿಷಪ್ಪರಿಗಿ ಬರೀರಿ!"

ಅಯ್ಯನವರು ಬರೆಯುತ್ತೇನೆ ಎಂದರು. ಬರೆದರೋ ಇಲ್ಲವೋ ನನಗೆ ಗೊತ್ತಿಲ್ಲ. ಬರೆದಿದ್ದರೆ ಆ ಕಾಗದ ಓದಿದ ಬಿಷಪ್ಪರ ಮುಖ ನೋಡಬೇಕೆಂಬ ಆಸೆ ನನಗೆ ಇವತ್ತಿಗೂ ಇದೆ.

ಪಾಸ್ಟರಿಂದಾಗದ ಕೆಲಸ ಎಂದ ಮೇಲೆ ಅತ್ತೆ ಹೋದದ್ದು ಎಲ್ಲಿಗೆ? ಪಂಚಾಂಗ ಹೇಳುವ ಭಟ್ಟರ ಮನೆಗೆ! ಭಟ್ಟರ ಮೂವರು ಮೊಮ್ಮಕ್ಕಳೂ ಅತ್ತೆಯ ಕೈಯಲ್ಲೇ ಹುಟ್ಟಿದವರು. ಹೀಗಾಗಿ ಅವರು ಇಲ್ಲ ಎನ್ನಲಾರದೆ ಪಂಚಾಂಗ ಬಿಚ್ಚಿ, ಗಂಭೀರವಾಗಿ, "ಯೇಸುಸ್ವಾಮಿಗಳ ನಕ್ಷತ್ರ ಯಾವದ್ರಿ?" ಎಂದು ಕೇಳಿದರು.

"ಮೂಡಣ ದಿಕ್ಕಿನಾಗ ಕಂಡಿತ್ರಿ. ಹೆಸರೇನಂತ ಯಾರೂ ಬರದಿಟ್ಟಿಲ್ಲ" ಎಂದಳು ಅತ್ತೆ, ಅಷ್ಟೇ ಗಂಭೀರವಾಗಿ.

ಭಟ್ಟರು ಬೆರಳು ಮಡಿಸಿ ಬಿಚ್ಚಿ ಲೆಕ್ಕ ಹಾಕಿ ಹೇಳಿದರು: "ಹಗಲು ರಾತ್ರಿ ಸಮ ಆದ ಮ್ಯಾಲಿನ ಹುಣ್ಣಿವಿ ಅಂತೀರಿ. ಈ ಸಲ ಅದಕ್ಕ ಫಾಲ್ಗುಣದ ಹುಣ್ಣಿವಿ ಸಿಕ್ಕದ, ಹೋಳಿ ಹುಣ್ಣಿವಿ. ಅಂದ್ರ ನಿಮ್ಮ ಹಬ್ಬ ಹಳೀ ವರ್ಷದಾಗ ಬಿತ್ತು. ಹೊಸಾ ವರ್ಷದಾಗ ಬೇಕಂದ್ರ ಯುಗಾದಿ ಆಗ್ಲಿ, ಚೈತ್ರದ ಹುಣ್ಣಿವಿ ಬರ್ಲಿ, ಅದರ ಮುಂದಿನ ಆದಿತ್ಯವಾರ ಹಿಡೀರಿ."

"ಅದು ಯಾವಾಗ ಬರ್ತದ್ರಿ?"

"ಏಪ್ರಿಲ್ ಕಡೀ ಆದಿತ್ಯವಾರ."

ಅಪ್ಪನ ಏಳು ವಾರ ಮುಗಿಯುವುದೂ ಆಗಲೇ! ಅತ್ತೆಯ ಮುಖ ಅರಳಿತು. ಹಳೆಯ ವರ್ಷದ ಹಬ್ಬ ಯಾರಿಗೆ ಬೇಕು? ಮನೆಗೆ ಬಂದವಳೇ ಮೆಂತ್ಯದ ಸೊಪ್ಪು ಮುಂದಿಟ್ಟುಕೊಂಡು ಕೂತು, ನಾನು ಮೊದಲೇ ಹೇಳಿದ ಆ ಘೋಷಣೆ ಮಾಡಿದಳು. ತಮ್ಮ ಎದ್ದು ಬರುವವರೆಗೆ ಅವಳ ಮನೆಯಲ್ಲಿ ಈಸ್ಟರಿಲ್ಲ. ಈಸ್ಟರಿಲ್ಲದ ಮೇಲೆ ಲೆಂಟು ಮುಗಿಯುವುದಿಲ್ಲ. ಲೆಂಟು ಮುಗಿಯದ ಮೇಲೆ ಮಾಂಸವಿಲ್ಲ, ಚಹಾವಿಲ್ಲ. ಯೇಸುಸ್ವಾಮಿಯೇ ಕಾಡಿನಲ್ಲಿ ನಲವತ್ತು ದಿನಕ್ಕೆ ಮುಗಿಸಿ ಬಂದದ್ದನ್ನು ಇವಳು ಎಂಬತ್ತು ದಿನ ಮಾಡಲು ಹೊರಟಿದ್ದಳು!

ಶುಭ ಶುಕ್ರವಾರಕ್ಕೆ ಮಾತ್ರ ಅವಳು ಎಲ್ಲರ ಜೊತೆಗೇ ಚರ್ಚಿಗೆ ಹೊರಟಳು. "ಅದ್ಯಾಕತ್ತೆ, ಇದನ್ನ ಮುಂದ ಹಾಕಲಿಲ್ಲ?" ಎಂದು ಕೇಳಿದೆ. "ದುಃಖ ಯಾವಾಗರ ಮಾಡಬಹುದು, ಒಬ್ಬಾಕಿನ ಕುಂತು ಮಾಡಬಹುದು. ಹಬ್ಬಕ್ಕ ಮಂದಿ ಬೇಕು" ಎಂದಳು.

ಆ ವರ್ಷ ಶುಭ ಶುಕ್ರವಾರವೂ ಹೋಳಿಯ ಬಣ್ಣದ ದಿನವೂ ಒಂದೇ ದಿನ ಬಂದಿದ್ದವು. ನಾವು ಬಿಳಿ ಸೀರೆಯುಟ್ಟು ಮಧ್ಯಾಹ್ನ ಬಾಗಿಲು ತೆರೆದರೆ ಓಣಿಯ ತುಂಬ ಪಿಚಕಾರಿ ಹಿಡಿದ ತರುಣರು, ಬಣ್ಣದ ಬಕೆಟ್ಟುಗಳು. ನಾನು ಹಿಂದೆ ಸರಿದೆ. ಅತ್ತೆ ಹೊಸ್ತಿಲ ಮೇಲೆ ನಿಂತು ಗುಡುಗಿದಳು: "ನನ್ನ ಕೈಯಾಗ ಹುಟ್ಟಿದವರೆಲ್ಲ ಈ ಕಡಿ ನಿಂದರ್ರಿ!"

ಎಲ್ಲರೂ ಅವಳು ತೋರಿಸಿದ ಕಡೆ ನಿಂತರು. ಇನ್ನೊಂದು ಕಡೆ ಒಂದು ನಾಯಿ ಮಾತ್ರ ಉಳಿಯಿತು.

"ನಮ್ಮ ಸ್ವಾಮಿನ ಶಿಲುಬಿಗಿ ಹಾಕ್ಯಾರ. ಮೂರು ತಾಸು ನನಗ ಬಿಡ್ರಿ. ಮೂರು ತಾಸಾದ ಮ್ಯಾಲ ಬಂದು ನಿಂದ್ರತೀನಿ, ಎಷ್ಟ ಬೇಕಾದ್ರೂ ಹಾಕ್ರಿ."

ಹುಡುಗರು ಒಪ್ಪಿದ್ದಷ್ಟೇ ಅಲ್ಲ, ಬೇರೆ ಓಣಿಯವರು ಬಣ್ಣ ಹಾಕಿಯಾರೆಂದು ಕಾವಲಾಗಿ ಚರ್ಚಿನವರೆಗೂ ಬಂದರು. ಹೊರಗೆ ಬಿಸಿಲು. ಒಳಗೆ ನೆರಳು, ಖಾಲಿ ಬೆಂಚು. ಹದಿನೈದು ಮಂದಿ ಬಕೆಟ್ ಸಮೇತ ಒಳಗೆ ಬಂದು ಹಿಂದಿನ ಸಾಲುಗಳಲ್ಲಿ ಸದ್ದಿಲ್ಲದೆ ಕೂತರು. ಸುಗ್ಗಿಯ ಕಾಲದಲ್ಲಿ ಹಿಂದಿನ ಬೆಂಚು ತುಂಬಿದ್ದು ಕಂಡು ಅಯ್ಯನವರಿಗೆ ಎಲ್ಲಿಲ್ಲದ ಹುಮ್ಮಸ್ಸು. ಯೇಸುಸ್ವಾಮಿ ಶಿಲುಬೆಯ ಮೇಲೆ ಆಡಿದ ಏಳು ಮಾತುಗಳಲ್ಲಿ ಒಂದೊಂದನ್ನೂ ಹಿಗ್ಗಿಸಿ ಹಿಗ್ಗಿಸಿ ಹೇಳಿದರು. ಐದನೆಯ ಮಾತಿಗೆ ಬಂದಾಗ ಕಣ್ಣು ಮುಚ್ಚಿ, ಕೈ ಚಾಚಿ, ಒಣಗಿದ ದನಿಯಲ್ಲಿ, "ನನಗೆ ನೀರಡಿಕೆಯಾಗಿದೆ!" ಎಂದರು. ಕಣ್ಣು ತೆರೆದರೆ ಹಿಂದಿನ ಬೆಂಚಿನವನೊಬ್ಬ ಲೋಟದಲ್ಲಿ ನೀರು ಹಿಡಿದು ಎದುರಿಗೆ ನಿಂತಿದ್ದಾನೆ! ಏನು ಮಾಡುತ್ತಾರೆ? ಕುಡಿದರು. ಲೋಟ ಹೋಳಿಯದು. ಆರನೆಯ ಮತ್ತು ಏಳನೆಯ ಮಾತನ್ನು ಅಯ್ಯನವರು ಗುಲಾಬಿ ತುಟಿಯಲ್ಲಿ ಹೇಳಿದರು, ಮತ್ತು ನಾವ್ಯಾರೂ ತಲೆ ಎತ್ತಲಿಲ್ಲ.

ಭಾನುವಾರ ಎಲ್ಲರ ಈಸ್ಟರ್ ಆಯಿತು. ಅತ್ತೆಯೂ ಪ್ರಾರ್ಥನೆಗೆ ಬಂದಳು, ಆದರೆ ಬೇರೆಯವರ ಮನೆಯ ಮದುವೆಗೆ ಬಂದವಳ ಹಾಗೆ ಒಂದು ಬದಿಗೆ ಕೂತಳು. ಹಾಡಿಗೆ ಬಾಯಿ ತೆರೆಯಲಿಲ್ಲ. ಅಯ್ಯನವರು ಕೈ ಕುಲುಕಿ ಹಬ್ಬದ ಶುಭಾಶಯ ಹೇಳಿದರೆ, "ನಿಮಗ ಆಗ್ಲಿ ಅಯ್ಯನವ್ರೆ. ನಂದು ಇನ್ನಾ ಐದು ವಾರ ಅದ" ಎಂದಳು. ಮಧ್ಯಾಹ್ನ ಮೂರು ಮನೆಗಳಿಂದ ಮಟನ್ ಬಂತು. ಮೂರನ್ನೂ ಅವಳು ಹಾಗೇ ತಿರುಗಿ ಕಳಿಸಿದಳು. ಆ ಡಬ್ಬಿಗಳು ಹೋಗುವುದನ್ನು ನಾನು ಕಿಟಕಿಯಲ್ಲಿ ನಿಂತು ಓಣಿಯ ತಿರುವಿನವರೆಗೂ ನೋಡಿದೆ.

ಮರುದಿನ ಶಾಲೆಯ ಗೆಳತಿಯೊಬ್ಬಳ ಮನೆಯಲ್ಲಿ ಕದ್ದು ಉಂಡು, ಬಾಯಿ ಮುಕ್ಕಳಿಸಿ, ಎಲೆ ಅಡಿಕೆ ಹಾಕಿಕೊಂಡು ಬಂದೆ. ಅತ್ತೆ ನನ್ನ ಮುಖ ನೋಡಿ, ದವಾಖಾನೆಯ ದನಿಯಲ್ಲಿ, "ಆ ಅನ್ನು" ಎಂದಳು. ಆ ಎಂದೆ.

"ಲವಂಗ. ಯಾಲಕ್ಕಿ. ಪಲಾವ್. ಯಾರ ಮನ್ಯಾಗ?"

ಅವತ್ತಿನಿಂದ ನಾನು ಕದಿಯುವುದನ್ನೂ ಬಿಟ್ಟೆ.

ದವಾಖಾನೆಯ ಎದುರಿನ ಚಾಚಾ ಆ ಸೋಮವಾರ ಬೆಳಿಗ್ಗೆ ಶುಂಠಿ ಏಲಕ್ಕಿ ಹಾಕಿ ಖಾಸಾ ಚಹಾ ಕುದಿಸಿಟ್ಟು ಕಾದಿದ್ದರಂತೆ. ಅತ್ತೆ ಆ ಕಡೆ ನೋಡದೆ ದಾಟಿ ಹೋದಳು. ಚಾಚಾ ಗಾಬರಿಯಾಗಿ ನನ್ನನ್ನು ಹಿಡಿದರು. "ಟೀಚರಬಾಯಿ, ಏನಾಯ್ತ್ರಿ? ನಿಮ್ಮ ರೋಜಾ ನಿನ್ನೀಗಿ ಮುಗೀಲಿಲ್ಲೇನ್ರಿ?"

ಚೈತ್ರದ ಹುಣ್ಣಿಮೆಯಾಗಬೇಕಂತೆ ಎಂದೆ.

"ಅರೆ, ಚಾಂದ್ ನೋಡೂ ಕೆಲಸೇನು? ಅದು ನನಗ ಬಿಡ್ರಿ! ಬಾಪದಾದಾರ ಕಾಲದಿಂದ ನೋಡ್ಕೋತ ಬಂದೀವಿ!"

ಹೀಗೆ ಈಸ್ಟರಿನ ಚಂದ್ರನನ್ನು ನೋಡುವ ಜವಾಬ್ದಾರಿ ಚಾಚಾನ ಹೆಗಲಿಗೆ ಬಿತ್ತು. ದಿನಾ ಅತ್ತೆ ಕೆಲಸಕ್ಕೆ ಬರುವಾಗ ಅಂಗಡಿಯೊಳಗಿಂದಲೇ ವರದಿ ಒಪ್ಪಿಸುತ್ತಿದ್ದರು. ಒಂದು ದಿನ, "ನರ್ಸಬಾಯಿ, ಅರ್ಧ ಆಗ್ಯದ್ರಿ! ಅರ್ಧ ಕಪ್ಪರ ಕುಡೀರಿ!" ಎಂದರು.

"ಅರ್ಧ ಬೆಳದ ಕೂಸಿಗಿ ಹೆರಿಗಿ ಮಾಡಸ್ತಿಯೇನು? ಸುಮ್ಕ ಕುಂಡ್ರು" ಎಂದು ಅತ್ತೆ ಒಳಗೆ ಹೋದಳು. ದವಾಖಾನೆಯ ಬೆಂಚಿನ ಮೇಲೆ ಕೂತ ರೋಗಿಗಳು ನಿಟ್ಟುಸಿರು ಬಿಟ್ಟರು. ಅವರಲ್ಲಿ ಲಿಂಗಾಯತರಿದ್ದರು, ಮುಸಲ್ಮಾನರಿದ್ದರು, ಕೊಹಿನೂರ ಹಳ್ಳಿಯ ಕಡೆಯಿಂದ ಮಗಳ ಹೆರಿಗೆಗೆ ಬಂದ ಅಜ್ಜಿಯರಿದ್ದರು. ಈಸ್ಟರ್ ಯಾವಾಗ ಬರುತ್ತದೆ ಎಂದು ಇಷ್ಟು ಜಾತಿಯ ಜನ ಇಷ್ಟು ಕಳಕಳಿಯಿಂದ ಕಾದದ್ದು ಬೇರೆ ಯಾವ ಊರಲ್ಲೂ ಇರಲಾರದು!

ನಡುವೆ ಯುಗಾದಿ ಬಂತು. ಭಟ್ಟರ ಮನೆಯಿಂದ ಬೇವು ಬೆಲ್ಲ ಬಂತು. ಅತ್ತೆ ಬೇವನ್ನಷ್ಟೇ ಆರಿಸಿ ಬಾಯಿಗೆ ಹಾಕಿಕೊಂಡು, ಬೆಲ್ಲವನ್ನು ತಟ್ಟೆಯಲ್ಲೇ ಬಿಟ್ಟು, "ನನ್ನ ಸಿಹಿ ಇನ್ನಾ ಬರೂದದ್ರಿ" ಎಂದಳು.

ರಜೆ ಸಿಕ್ಕಾಗಲೆಲ್ಲ ನಾವಿಬ್ಬರೂ ಬೀದರಿಗೆ ಹೋಗಿ ಬರುತ್ತಿದ್ದೆವು. ಅತ್ತೆ ವಾರ್ಡಿನೊಳಗೆ ಹೆಜ್ಜೆಯಿಟ್ಟರೆ ಅಲ್ಲಿನ ನರ್ಸುಗಳು ಬೇರೆ ಬಾಗಿಲಿಂದ ಹೊರಗೆ ಹೋಗುವರು. ಅವಳು ಹಗ್ಗ ಎಳೆದು ನೋಡುವಳು, ಉಸುಕಿನ ಚೀಲ ತೂಗಿ ನೋಡುವಳು, ಕೊನೆಗೆ ತಮ್ಮನ ತೊಡೆಗೇ ಬಗ್ಗಿ, "ಕೂಡ್ಕೋ, ಲಗೂನ ಕೂಡ್ಕೋ" ಎಂದು ಎಲುಬಿಗೆ ತಾಕೀತು ಮಾಡುವಳು. ಅಪ್ಪ ನಗುತ್ತಿದ್ದ.

"ಅಕ್ಕಾ, ನನ್ನ ಸಲಾಕ ನೀ ಚಾ ಬಿಟ್ಟಿ, ಅಲ್ಲಿ ಊರ ಮಂದಿ ಸಾಯಾಕತ್ತದ."

"ನೀ ಎದ್ದು ಬಾ. ಕುಡೀತೀನಿ."

ಚೈತ್ರದ ಹುಣ್ಣಿಮೆ ಬಂತು. ಚಾಚಾ ಮಾಳಿಗೆಯ ಮೇಲೆ ನಿಂತು ತುಂಬು ಚಂದ್ರನನ್ನು ಕಂಡು ಕೂಗಿದ್ದು ಮೂರು ಓಣಿಗೆ ಕೇಳಿಸಿತು. ಇನ್ನು ಆ ಭಾನುವಾರವೊಂದೇ ಬಾಕಿ. ಶನಿವಾರ ಅಪ್ಪನ ಕಾಲಿನ ಫೋಟೋ ತೆಗೆದು, ಎಲುಬು ಕೂಡಿದ್ದರೆ ಮನೆಗೆ ಕಳಿಸುವುದೆಂದು ಡಾಕ್ಟರು ಹೇಳಿದ್ದರು. ಅತ್ತೆ ಅಕ್ಕಿ ಆರಿಸಿಟ್ಟಳು. ಮಂಚಕ್ಕೆ ಹೊಸ ಚಾದರ ಹಾಸಿದಳು. ಅಪ್ಪನಿಗೆಂದು ಕೋಲೊಂದನ್ನು ಬಡಗಿಯಿಂದ ಮಾಡಿಸಿ ತಂದು ಬಾಗಿಲ ಹಿಂದೆ ನಿಲ್ಲಿಸಿದಳು.

ಶನಿವಾರ ಮಧ್ಯಾಹ್ನ ಅವ್ವ ಬೀದರಿನಿಂದ ನಮ್ಮ ಶಾಲೆಗೆ ಫೋನು ಮಾಡಿದಳು. ಎಲುಬು ಕೂಡಿಲ್ಲ. ಇನ್ನೂ ಒಂದು ತಿಂಗಳು ಹೀಗೇ ಮಲಗಬೇಕು. ಆಮೇಲೂ ಮೊದಲಿನಂತೆ ನಡೆಯುತ್ತಾನೆಂದು ಹೇಳಲಾಗುವುದಿಲ್ಲ.

ಶಾಲೆಯಿಂದ ದವಾಖಾನೆಯವರೆಗಿನ ಆ ದಾರಿಯನ್ನು ನಾನು ಹೇಗೆ ನಡೆದೆನೋ! ಅಪ್ಪನ ಕಾಲಿನ ಸಂಕಟ ಒಂದು ಕಡೆ. ಅತ್ತೆ ಇದನ್ನು ಕೇಳಿದರೆ ಈಸ್ಟರನ್ನು ಕ್ರಿಸ್ಮಸ್ಸಿಗೇ ಒಯ್ದು ಮುಟ್ಟಿಸಿಯಾಳೆಂಬ ಭಯ ಇನ್ನೊಂದು ಕಡೆ. ಎಂಬತ್ತು ದಿನದಲ್ಲಿ ಅವಳ ರವಿಕೆಯ ತೋಳು ಸಡಿಲವಾಗಿತ್ತು, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದಳು. ನಾನು ನೋಡಿಯೂ ನೋಡದವಳಂತೆ ಇದ್ದೆ.

ಅತ್ತೆ ಹತ್ತಿಯ ಉಂಡೆ ಮಾಡುತ್ತ ಕೂತಿದ್ದಳು. ಹೇಳಿದೆ. ಕೈ ನಿಂತಿತು.

"ಅಂವಗ ಹೇಳ್ಯಾರೇನು?"

"ಹೇಳ್ಯಾರಂತ."

"ಅತ್ತನೇನು?"

"ಗ್ವಾಡಿ ಕಡಿ ಮಾರಿ ಮಾಡ್ಕೊಂಡು ಮಲಗ್ಯಾನಂತ. ಯಾರ ಜೋಡಿನೂ ಮಾತಾಡಾಕತ್ತಿಲ್ಲಂತ."

ಅತ್ತೆ ಉಳಿದ ಹತ್ತಿಯನ್ನೆಲ್ಲ ಉಂಡೆ ಮಾಡಿ ಮುಗಿಸಿದಳು. ಡಬ್ಬಿಯ ಮುಚ್ಚಳ ಹಾಕಿದಳು. ಎದ್ದು ರಸ್ತೆ ದಾಟಿ ಚಾಚಾನ ಹೋಟೆಲಿಗೆ ಹೋಗಿ, "ನಾಳಿ ಮೊದಲ್ನೇ ಬಸ್ಸಿನ ಹೊತ್ತಿಗಿ ಒಂದು ಥರ್ಮಾಸ್ ಚಾ ಬೇಕು. ಸಕ್ರಿ ಮುಂದಾಗಿ ಹಾಕು" ಎಂದಳು.

ಚಾಚಾ ಕೈಯಲ್ಲಿದ್ದ ಸೋಸುವ ಬಟ್ಟೆ ಬಿಟ್ಟು ಹೊರಗೆ ಓಡಿ ಬಂದರು. "ಈಸ್ಟರ್ ಮುಬಾರಕ್ರಿ ನರ್ಸಬಾಯಿ!"

"ಇನ್ನಾ ನಾಳಿಗಿ ಅದ. ಗಡಬಡ ಮಾಡಬ್ಯಾಡ."

ಭಾನುವಾರ ನಾವು ವಾರ್ಡಿಗೆ ಮುಟ್ಟಿದಾಗ ಅವ್ವ ತಿಂಡಿ ತರಲು ಹೋಗಿದ್ದಳು. ಅಪ್ಪ ಇನ್ನೂ ಗೋಡೆಯ ಕಡೆಗೇ ಮುಖ ಮಾಡಿದ್ದ. ಅತ್ತೆ ಸ್ಟೂಲು ಎಳೆದು ಕೂತ ಸದ್ದಿಗೆ, ತಿರುಗದೆಯೇ ಹೇಳಿದ: "ಅಕ್ಕಾ, ನಾ ಏಳಲಿಲ್ಲ."

"ನೋಡೀನಿ."

"ನಿನ್ನ ಹಬ್ಬ ಕೆಡಿಸಿದೆ. ಎಷ್ಟ ದಿನಾ ಉಪಾಸ ಬಿದ್ದಿ ನನ್ನ ಸಲಾಕ. ಇನ್ನು ನಾ ಏಳ್ತೀನೋ ಇಲ್ಲೋ ಯಾರಿಗಿ ಗೊತ್ತು."

ಅತ್ತೆ ಥರ್ಮಾಸ್ ತೆರೆದು ಒಂದು ಲೋಟಕ್ಕೆ, ಒಂದು ಮುಚ್ಚಳಕ್ಕೆ ಚಹಾ ಸುರಿದಳು. ಲೋಟವನ್ನು ಅವನ ಕೈಗಿಟ್ಟಳು. ಮುಚ್ಚಳವನ್ನು ತಾನು ಹಿಡಿದಳು, ಆದರೆ ಕುಡಿಯಲಿಲ್ಲ.

"ತಮ್ಮಾ, ನೀ ಎದ್ರೇನು, ಮಲಗಿದ್ರೇನು. ನಾ ಅದಕ್ಕ ಕಾಯ್ದಿಲ್ಲೋ. ನಿನ್ನ ಬಿಟ್ಟು ಹಬ್ಬ ಮಾಡೂದು ನನಗ ಆಗೂದಿಲ್ಲ, ಅಷ್ಟ. ಒಮ್ಮಿ ಮಾಡೀನಿ. ಅದ ಸಾಕಾಗ್ಯದ."

"ಯಾವಾಗ ಮಾಡಿದಿ?"

"ಬೋರ್ಡಿಂಗಿನಾಗ. ಅವ್ವ ಸತ್ತ ವರ್ಷ. ನೀ ಆರು ವರ್ಷದಾಂವ, ಇಲ್ಲಿ ಬೀದರಿನ್ಯಾಗ. ನಾ ಅಲ್ಲಿ ಹುಮನಾಬಾದಿನ್ಯಾಗ. ಈಸ್ಟರಿಗಿ ಗಂಡು ಹುಡುಗರನ್ನ ಬಂಡಿ ಕಟ್ಟಿ ನಮ್ಮ ಕಡಿ ಕಳಸ್ತಾರ ಅಂದಿದ್ರು. ಹಬ್ಬ ಭಾಳ ಮುಂಚೆ ಬಂತು, ಪರೀಕ್ಷಾ ಮುಗದಿಲ್ಲ ಅಂತ ನಿಮ್ಮನ್ನ ಕಳಸಲೇ ಇಲ್ಲ." ಅತ್ತೆ ಮುಚ್ಚಳದೊಳಗಿನ ಚಹಾವನ್ನೇ ನೋಡುತ್ತಿದ್ದಳು. "ಅವತ್ತ ನಮಗ ಒಂದೊಂದು ಲಾಡು ಕೊಟ್ರು. ನಿನಗ ಅರ್ಧ ಇಡಬೇಕಂತ ಲಂಗದ ಅಂಚಿಗಿ ಕಟ್ಟಿಕೊಂಡೆ. ಸಂಜೀತನಕ ಇಟ್ಟೆ. ಆಮ್ಯಾಲ ತಿಂದುಬಿಟ್ಟೆ. ಹಸಿವಿಗಿ ಅಲ್ಲೋ ತಮ್ಮಾ, ರುಚಿ ಇತ್ತಂತ ತಿಂದೆ. ನೀ ಇಲ್ಲಿ ಒಬ್ಬನ ಅಳಾಕತ್ತಿರ್ತಿ ಅಂತ ಗೊತ್ತಿದ್ದೂ ಬೆರಳ ನೆಕ್ಕಿ ನೆಕ್ಕಿ ತಿಂದೆ."

ನಾನು ಅತ್ತೆಯನ್ನು ಆ ಮೊದಲು ಹಾಗೆ ನೋಡಿರಲಿಲ್ಲ. ಊರಿಗೆ ಊರನ್ನೇ ಹೆದರಿಸುವ ಹೆಂಗಸು ಹತ್ತು ವರ್ಷದ ಹುಡುಗಿಯ ಹಾಗೆ ತಲೆ ತಗ್ಗಿಸಿ ಕೂತಿದ್ದಳು.

ಅಪ್ಪ ಮೊದಲ ಸಲ ಈ ಕಡೆ ತಿರುಗಿದ. ಅಕ್ಕನ ಮುಖವನ್ನು ಬಹಳ ಹೊತ್ತು ನೋಡಿದ.

"ಅಕ್ಕಾ, ಅವತ್ತ ನಮಗೂ ಲಾಡು ಕೊಟ್ಟಿದ್ರು."

"ಸುಳ್ಳ ಹೇಳಬ್ಯಾಡ."

"ಖರೇನ. ನಾ ಎರಡು ತಿಂದೆ."

"ಎರಡು?"

"ಬಾಜೂಕಿನವಗ ಜ್ವರಾ ಬಂದಿತ್ತು. ಅವಂದೂ ನಾನ ತಿಂದೆ."

"ನನಗ ಅರ್ಧರ ತಗದಿಟ್ಟಿದ್ದೇನು?"

"ಇಲ್ಲಕ್ಕಾ. ನೆಪ್ಪ ಆಗಲಿಲ್ಲ."

ಅತ್ತೆ ಅವನನ್ನೇ ಬಾಯಿ ತೆರೆದು ನೋಡಿದಳು. ಆಮೇಲೆ ಅವನ ಭುಜಕ್ಕೆ ರಪ್ಪೆಂದು ಒಂದು ಕೊಟ್ಟು, "ಹೊಟ್ಟಿಬಾಕ! ನಲವತ್ತು, ಐವತ್ತು, ಅರವತ್ತು ವರ್ಷ ನಾ ಇಲ್ಲಿ ಸಾಯಾಕತ್ತೀನಿ!" ಎಂದು ಲೆಕ್ಕವನ್ನೂ ತಪ್ಪಿ ನಗತೊಡಗಿದಳು. ನಕ್ಕು ನಕ್ಕು ಕಣ್ಣೀರು ಬಂತು, ಆಮೇಲೆ ನಗು ನಿಂತರೂ ಕಣ್ಣೀರು ನಿಲ್ಲಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು ಮುಚ್ಚಳದ ಚಹಾವನ್ನು ಒಂದೇ ಗುಟುಕಿಗೆ ಕುಡಿದಳು. ಇನ್ನೊಂದು ಸುರಿದುಕೊಂಡಳು. ಮೂರನೆಯದು ಮುಗಿದ ಮೇಲೆ ಹಳೆಯ ಅತ್ತೆಯಾಗಿ ಎದ್ದು ನಿಂತು, ಉಸುಕಿನ ಚೀಲ ಇವತ್ತು ಯಾಕೆ ಕೆಳಗೆ ಬಂದಿದೆ ಎಂದು ಕೇಳಲು ವರಾಂಡದ ಕಡೆಗೆ ನಡೆದಳು.

ಅವಳು ಬಾಗಿಲು ದಾಟಿದ್ದನ್ನು ನೋಡಿ ನಾನು ಅಪ್ಪನನ್ನು ಕೆಣಕಿದೆ. "ಎರಡು ಲಾಡು ತಿಂದ್ಯಾ ಅಪ್ಪಾ?"

ಅಪ್ಪ ಬಾಗಿಲ ಕಡೆಗೇ ಕಣ್ಣಿಟ್ಟು, ದನಿ ತಗ್ಗಿಸಿ ಹೇಳಿದ: "ಲಾಡು ಎಲ್ಲೀದು ಮಗಾ. ಆ ವರ್ಷ ನಮಗ ಜ್ವಾಳದ ಗಂಜಿ ಕೊಟ್ಟಿದ್ರು. ಅಕ್ಕಗ ಹೇಳಬ್ಯಾಡ."

ಅಷ್ಟರಲ್ಲಿ ಅತ್ತೆ ಒಬ್ಬ ನರ್ಸನ್ನು ಮುಂದಿಟ್ಟುಕೊಂಡು ತಿರುಗಿ ಬಂದಳು. "ಏನದು ಅಪ್ಪ ಮಗಳದು ಗುಸುಗುಸು?"

"ಏನಿಲ್ಲತ್ತೆ" ಎಂದೆ. ಆಮೇಲೆ ಅವಳು ಹತ್ತು ವರ್ಷ ಬದುಕಿದ್ದಳು. ನಾನು ಹೇಳಲಿಲ್ಲ.